ಹಂಡೆ ಒಲೆಯ ಹಿಂದಿನ ಗೋಡೆ

ಹೋದ ತಿಂಗಳು ಭಾವ ಮನೆಗೆ ಬಂದಿದ್ದರು. ಜಗಲಿಯಲ್ಲಿ ಕೂತು ಎರಡು ಲೋಟ ಕಷಾಯ ಕುಡಿದರು. ಮೂರನೆಯದಕ್ಕೆ ತಾವೇ ಲೋಟ ಮುಂದೆ ಮಾಡಿದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಅರ್ಧ ಕೇಜಿ ಕಟ್ಟಿಡು, ಬೆಂಗಳೂರಿಗೆ ಮಗಳ ಮನೆಗೆ ಒಯ್ಯಬೇಕು" ಅಂದರು. ಇದೇ ಭಾವ 2019ರಲ್ಲಿ ಇದೇ ಜಗಲಿಯಲ್ಲಿ ಕೂತು, "ಹುಲ್ಲು ಒಣಗಿಸಿ ಸಾಲ ತೀರಿಸ್ತೀಯಾ? ತಲೆ ಸರಿ ಇದೆಯಾ ನಿಂಗೆ?" ಅಂತ ಕೇಳಿದ್ದರು. ನಾನು ಏನೂ ಹೇಳಲಿಲ್ಲ. ಅರ್ಧ ಕೇಜಿ ತೂಗಿದೆ, ಕಟ್ಟಿದೆ, ದುಡ್ಡು ಎಣಿಸಿ ತೆಗೆದುಕೊಂಡೆ. ಭಾವ ಅಂತ ಬಿಡಲಿಲ್ಲ.

ಅವತ್ತು ರಾತ್ರಿಯೇ ಇದನ್ನೆಲ್ಲ ಬರೆದಿಡೋಣ ಅನ್ನಿಸಿತು.

ನಮ್ಮ ಕಡೆ ಕಷಾಯ ಪುಡಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಕೊತ್ತಂಬರಿ ಎಷ್ಟು ಹುರಿಯಬೇಕು, ಜೀರಿಗೆ ಎಷ್ಟು ಹಾಕಬೇಕು ಅಂತ ನಾನು ಹೇಳಿಕೊಡುವುದೇನೂ ಇಲ್ಲ. ನಾನು ಹೇಳುವುದು ಎಲೆ ಕಷಾಯದ ವಿಷಯ. ಮಜ್ಜಿಗೆ ಹುಲ್ಲು (ಪೇಟೆಯವರ ಲೆಮನ್‌ಗ್ರಾಸ್), ತುಳಸಿ, ಇಂಥವನ್ನು ಮಳೆಗಾಲದಲ್ಲೂ ಬಣ್ಣ, ಪರಿಮಳ ಕೆಡದ ಹಾಗೆ ಒಣಗಿಸಿದ್ದು. ಅದರ ಜೊತೆಗೇ ನಾನು ಹಾಸಿಗೆಯಿಂದ ಎದ್ದಿದ್ದು. ಎರಡೂ ಒಂದಕ್ಕೊಂದು ಸುತ್ತಿಕೊಂಡಿವೆ, ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ನಮ್ಮದು ಕೊಪ್ಪ ತಾಲ್ಲೂಕು. ಎರಡು ಎಕರೆ ಅಡಿಕೆ, ಸುಮಾರು ಸಾವಿರ ಮರ. ಅಪ್ಪನ ಕಾಲದಲ್ಲಿ ಒಳ್ಳೆಯ ವರ್ಷ 16 ಕ್ವಿಂಟಾಲ್ ಒಣ ಅಡಿಕೆ ತೂಗಿದ್ದು ನೆನಪಿದೆ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದವರಿಗೆ ಹೊಸದಲ್ಲ. ಆದರೆ ಪಕ್ಕದ ತೋಟಕ್ಕೆ ಬಂದಾಗ ಅದು ರೋಗ, ನಮ್ಮ ತೋಟಕ್ಕೆ ಬಂದಾಗ ಸಾವು. ಹೊರಗಿನ ಸೋಗೆ ತುದಿಯಿಂದ ಹಳದಿಯಾಗುತ್ತದೆ. ಗೊನೆ ಸಣ್ಣದಾಗುತ್ತದೆ. ಅಡಿಕೆ ಸುಲಿದರೆ ಒಳಗೆ ಮೆತ್ತಗೆ, ಕಪ್ಪು. ಮದ್ದು ಇಲ್ಲ. ಇದೆ ಅಂದವರಿಗೆಲ್ಲ ನಾನು ದುಡ್ಡು ಕೊಟ್ಟಿದ್ದೇನೆ. ಬೇರಿಗೆ ಹಾಕುವ ಪುಡಿ, ಬುಡಕ್ಕೆ ಸುರಿಯುವ ದ್ರವ, ಕಾಂಡಕ್ಕೆ ಚುಚ್ಚುವ ಔಷಧಿ. ಎಲ್ಲ ಸೇರಿ ಒಂದೂವರೆ ಲಕ್ಷ ಹೋಗಿರಬಹುದು.

ಆಮೇಲೆ 2018ರ ಮಳೆ. ಆ ವರ್ಷ ಕೊಳೆ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನ ಬಿಡುವು ಕೊಟ್ಟಿದ್ದರೆ ಕೇಳಿ. ಉಳಿದಿದ್ದ ಗೊನೆಗೆಲ್ಲ ಕೊಳೆ ಹಿಡಿಯಿತು. ಒಟ್ಟು ಸಿಕ್ಕಿದ್ದು 3 ಕ್ವಿಂಟಾಲ್‌ಗೂ ಕಡಿಮೆ. ಸೊಸೈಟಿ ಸಾಲ, ಕೈಗಡ ಎಲ್ಲ ಸೇರಿ ಆರೂವರೆ ಲಕ್ಷ.

ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತಿತ್ತು. ಎದ್ದು ಕೂತು ಬಡ್ಡಿ ಲೆಕ್ಕ ಹಾಕುತ್ತಿದ್ದೆ. ಲೆಕ್ಕ ಮುಗಿದರೆ ಮತ್ತೆ ಮೊದಲಿಂದ. ಬೆಳಿಗ್ಗೆ ತಲೆ ಭಾರ, ಅದಕ್ಕೆ ಕಾಫಿ. ದಿನಕ್ಕೆ ಏಳೆಂಟು ಲೋಟ. ತೋಟಕ್ಕೆ ಕಾಲಿಡುವುದನ್ನೇ ಬಿಟ್ಟೆ. ಮೂರು ತಿಂಗಳು ಗೇಟು ದಾಟಲಿಲ್ಲ. ಯಾರಾದರೂ ಬಂದರೆ ಒಳಗೆ ಹೋಗಿ ಮಲಗುತ್ತಿದ್ದೆ. ಕೊನೆಗೆ ಹೆಂಡತಿ ಬೈದು, ಅತ್ತು, ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮನಸ್ಸಿನ ಡಾಕ್ಟರು. ಊರಲ್ಲಿ "ಬೆನ್ನು ನೋವಿಗೆ ತೋರಿಸಲು ಹೋಗಿದ್ರು" ಅಂತ ಹೇಳಿದೆವು. ಈಗ ಮುಚ್ಚಿಡುವುದೇನಿಲ್ಲ. ಎಂಟು ಒಂಬತ್ತು ತಿಂಗಳು ಮಾತ್ರೆ ತೆಗೆದುಕೊಂಡೆ. ಡಾಕ್ಟರು ನಿಲ್ಲಿಸು ಅಂದ ಮೇಲೆಯೇ ನಿಲ್ಲಿಸಿದ್ದು. ಕಷಾಯ ಕುಡಿದು ಮಾತ್ರೆ ಬಿಟ್ಟೆ ಅಂತ ನನ್ನ ಹೆಸರು ಹೇಳಿಕೊಂಡು ಯಾರೂ ತಿರುಗಬೇಡಿ.

ಆ ಡಾಕ್ಟರು ಮಾತ್ರೆ ಜೊತೆಗೆ ಎರಡು ಮಾತು ಹೇಳಿದ್ದರು. ಮಧ್ಯಾಹ್ನದ ಮೇಲೆ ಕಾಫಿ ಬೇಡ, ಬೆಳಿಗ್ಗೆ ಅರ್ಧ ಗಂಟೆ ನಡೀರಿ. ಕೇಳಲು ಸುಲಭ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಹುಟ್ಟಿದವನಿಗೆ ಕಾಫಿ ಬಿಡು ಅನ್ನುವುದು ಅಂದರೆ ಏನು! ಬಾಬಾಬುಡನ್ ಬೀಜ ತಂದ ಬೆಟ್ಟ ನಮ್ಮ ಜಿಲ್ಲೆಯದೇ. ನಾನು ಎರಡು ಸಲ ಬಿಟ್ಟು ಎರಡು ಸಲ ಹಿಡಿದೆ. ಮೊದಲ ಎರಡು ಸಲ ಒಮ್ಮೆಲೇ ಬಿಟ್ಟಿದ್ದೆ. ಎರಡನೇ ದಿನಕ್ಕೆ ಕಣ್ಣಿನ ಹಿಂದೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ತಲೆನೋವು. ಕಾಫಿಯ ಚಟ ಇದ್ದವರು ಒಮ್ಮೆಲೇ ಬಿಟ್ಟರೆ ಹಾಗೇ ಅಂತೆ, ನಾಲ್ಕು ದಿನ ಬೇಕು, ಕೆಲವರಿಗೆ ವಾರ. ಮೂರನೇ ಸಲ ಬುದ್ಧಿ ಬಂತು. ಸಂಜೆಯದನ್ನು ಮೊದಲು ಬಿಟ್ಟೆ. ಆ ಜಾಗಕ್ಕೆ ಅಮ್ಮ ಮಜ್ಜಿಗೆ ಹುಲ್ಲಿನ ನೀರು ಕಾಸಿ ಕೊಟ್ಟಳು, ಬೆಲ್ಲ ಹಾಕಿ. ಕುಡಿದೆ. ಕಾಫಿ ಅಲ್ಲ ಅನ್ನೋದು ಬಿಟ್ಟರೆ ಬೇರೆ ದೂರು ಇರಲಿಲ್ಲ. ವಾರಕ್ಕೊಂದು ಲೋಟದಂತೆ ಇಳಿಸಿದೆ. ಈಗ ಬೆಳಿಗ್ಗೆ ಒಂದೇ ಲೋಟ ಕಾಫಿ. ಅದನ್ನು ಬಿಡುವ ಯೋಚನೆ ಇಲ್ಲ.

ನಡೆಯುವುದು ಇನ್ನೂ ಕಷ್ಟ ಆಯಿತು. ಪೇಟೆಯಲ್ಲಿ ವಾಕಿಂಗ್ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಹಳ್ಳಿಯಲ್ಲಿ ಸುಮ್ನೆ ನಡೆಯುವವನು ಯಾರಿದ್ದಾನೆ? ಎದುರು ಸಿಕ್ಕವರೆಲ್ಲ "ಎಲ್ಲಿಗೆ ಹೊರಟಿದ್ದು?" ಅಂತ ಕೇಳುತ್ತಾರೆ. ಎಲ್ಲಿಗೂ ಇಲ್ಲ ಅಂದರೆ ಮುಖ ನೋಡುತ್ತಾರೆ. ನಾಲ್ಕು ದಿನ ನಡೆದು ನಿಲ್ಲಿಸಿಬಿಟ್ಟೆ. ಆಗ ಅಮ್ಮ ಹೇಳಿದಳು, "ಹೇಗೂ ಹೋಗ್ತೀಯಲ್ಲ, ಒಂದು ಹಿಡಿ ತುಳಸಿ ಕಿತ್ತುಕೊಂಡು ಬಾ, ಬೆಟ್ಟದ ಕಡೆ ಕಾಡು ತುಳಸಿ ಇದೆ." ಅಷ್ಟೇ ನೋಡಿ. ಕೈಯಲ್ಲೊಂದು ಚೀಲ ಬಂದ ಮೇಲೆ ಯಾರೂ ಏನೂ ಕೇಳಲಿಲ್ಲ. "ಸೊಪ್ಪಿಗೆ ಹೊರಟೆ" ಅಂದರೆ ಮುಗಿಯಿತು.

ಹಾಗೆ ಶುರುವಾಗಿದ್ದು ನನ್ನ ಸುತ್ತು. ಮನೆಯ ಹಿಂದಿನಿಂದ ಸೊಪ್ಪಿನ ಬೆಟ್ಟ ಹತ್ತಿ, ಕೆರೆ ಏರಿ ಮೇಲೆ ಹಾದು, ತೋಟದ ಕೆಳಗಿನ ಬದುವಿನಿಂದ ವಾಪಸ್. ಐವತ್ತು ನಿಮಿಷ. ದಿನಕ್ಕೆ ಒಂದೇ ಹಿಡಿ ಎಲೆ, ಅದಕ್ಕಿಂತ ಜಾಸ್ತಿ ಕೀಳುವುದಿಲ್ಲ. ಒಂದು ದಿನ ತುಳಸಿ, ಒಂದು ದಿನ ಒಂದೆಲಗ, ಒಂದು ದಿನ ಪೇರಲೆ ಚಿಗುರು. ಬಂದು ನಾನೇ ಒಲೆ ಮುಂದೆ ಕೂತು ಕಾಸಬೇಕು, ಹೆಂಡತಿಗೆ ಕೊಡುವಂತಿಲ್ಲ. ಅಂಗಳದಲ್ಲಿ ಕೂತು ಕುಡಿಯಬೇಕು, ಒಳಗಲ್ಲ. ಮಗಳ ಹಳೇ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಬೇಕು. ಯಾವ ಎಲೆ, ಮಳೆ ಹೇಗೆ, ನಿದ್ದೆ ಎಷ್ಟು ಗಂಟೆ.

ಆ ನೋಟ್‌ಬುಕ್ ಈಗಲೂ ಇದೆ. 2019ರ ಜನವರಿಯಲ್ಲಿ "ತುಳಸಿ, ಮಂಜು, 3" ಅಂತ ಇದೆ. "ಪೇರಲೆ, ಬಿಸಿಲು, 2." ಮಾರ್ಚ್‌ನಲ್ಲಿ ಒಂದೆರಡು ನಾಲ್ಕು ಕಾಣುತ್ತವೆ. ಮೊದಲ ಐದು ಬಂದ ದಿನ ಅಡಿಗೆರೆ ಎಳೆದಿದ್ದೇನೆ, ಅದು ಯುಗಾದಿ ಕಳೆದ ಮೇಲೆ. ಯಾವ ಎಲೆಗೆ ನಿದ್ದೆ ಜಾಸ್ತಿ ಬಂತು ಅಂತ ಒಂದು ವರ್ಷದ್ದು ಕೂಡಿಸಿ ನೋಡಿದೆ. ಏನೂ ವ್ಯತ್ಯಾಸ ಇಲ್ಲ. ಎಲ್ಲ ಎಲೆಗೂ ಹೆಚ್ಚು ಕಡಿಮೆ ಒಂದೇ. ಎಲೆಗೆ ಹೋಗದೆ ಮನೆಯಲ್ಲೇ ಉಳಿದ ದಿನಗಳ ರಾತ್ರಿ ಮಾತ್ರ ನಿದ್ದೆ ಒಂದು ಗಂಟೆ ಕಡಿಮೆ. ಮಾರಾಟಕ್ಕೆ ಇದು ಒಳ್ಳೆಯ ಸುದ್ದಿ ಅಲ್ಲ, ಗೊತ್ತು. ಆದರೆ ಲೆಕ್ಕ ಸುಳ್ಳು ಹೇಳಲ್ಲ. ನನಗೆ ಕೆಲಸ ಮಾಡಿದ್ದು ಲೋಟದಲ್ಲಿದ್ದದ್ದಕ್ಕಿಂತ ಅದನ್ನು ಲೋಟಕ್ಕೆ ತರುವ ತನಕ ಮಾಡಿದ್ದು.

ಸುತ್ತಿನ ಕೊನೆಯ ಭಾಗ ತೋಟದ ಬದು ಅಂದೆನಲ್ಲ. ಮೊದಮೊದಲು ಅಲ್ಲಿ ತಲೆ ತಗ್ಗಿಸಿಕೊಂಡು ದಾಟುತ್ತಿದ್ದೆ. ಮೇಲೆ ನೋಡಿದರೆ ಸುಳಿ ಬಿದ್ದ ಮರ, ನೋಡಲು ಆಗುತ್ತಿರಲಿಲ್ಲ. ತಲೆ ತಗ್ಗಿಸಿದ್ದರಿಂದಲೇ ಕಣ್ಣಿಗೆ ಬಿದ್ದಿದ್ದು, ಅಜ್ಜಿ ಬಾವಿಕಟ್ಟೆ ಹತ್ತಿರ ನೆಟ್ಟಿದ್ದ ಮಜ್ಜಿಗೆ ಹುಲ್ಲು. ನಾನು ಚಿಕ್ಕವನಿದ್ದಾಗ ಅದು ನೆರಳಲ್ಲಿ ಸೊರಗಿದ ಒಂದೇ ಹಿಂಡು. ಈಗ ಎದೆ ಮಟ್ಟ ಬೆಳೆದು ಸುತ್ತ ಹರಡಿತ್ತು. ಯಾಕೆ ಅಂತ ಮೇಲೆ ನೋಡಿದೆ. ಅಡಿಕೆ ಮರದ ತಲೆ ಹೋಗಿ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ನಮ್ಮ ತೋಟದ ನೆಲ ಬಿಸಿಲು ಕಂಡಿದ್ದು ಎಷ್ಟು ವರ್ಷದ ಮೇಲೋ. ಅವತ್ತು ಬದುವಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಎಲೆ ಕೀಳಲು ಹೋಗಿ ಬೆರಳು ಕೊಯ್ದುಕೊಂಡೆ. ಆ ಹುಲ್ಲಿನ ಅಂಚು ಬ್ಲೇಡು, ಕಿತ್ತವರಿಗೆ ಗೊತ್ತು. ರಕ್ತ ಚೀಪುತ್ತಾ ಲೆಕ್ಕ ಹಾಕಿದೆ. ಬಡ್ಡಿ ಲೆಕ್ಕ ಅಲ್ಲ. ಒಂದು ಹಿಂಡಿನಿಂದ ಎಷ್ಟು ಸಸಿ ಬರುತ್ತದೆ ಅಂತ.

ಆ ಮುಂಗಾರಿಗೆ ಮುನ್ನೂರು ಬುಡ ನೆಟ್ಟೆ. ಭಾವ ಬಂದು ತಲೆ ಸರಿ ಇದೆಯಾ ಅಂತ ಕೇಳಿದ್ದು ಆಗಲೇ. ಅವರದ್ದೂ ತಪ್ಪಲ್ಲ ಬಿಡಿ. ಒಣಗಿಸುವುದು ಹೇಗೆ ಅಂತ ನನಗೇ ಗೊತ್ತಿರಲಿಲ್ಲ.

ಒಣಗಿಸುವುದರಲ್ಲಿ ನಾನು ಕಳೆದ ದುಡ್ಡು, ಸಮಯ ಹೇಳಿದರೆ ನಗುತ್ತೀರಿ. ಮೊದಲು ಎಲ್ಲರ ಹಾಗೆ ಅಂಗಳದಲ್ಲಿ ಬಿಸಿಲಿಗೆ ಹರವಿದೆ. ಮಜ್ಜಿಗೆ ಹುಲ್ಲು ಬೈಹುಲ್ಲಿನ ಬಣ್ಣಕ್ಕೆ ಬಂತು, ವಾಸನೆಯೂ ಬೈಹುಲ್ಲಿನದ್ದೇ. ತುಳಸಿ ಕಪ್ಪಾಯಿತು. ನೆರಳಲ್ಲಿ ಒಣಗಿಸಬೇಕು ಅಂತ ಪುಸ್ತಕದಲ್ಲಿದೆ. ಕಾರ್ತಿಕದಿಂದ ಶಿವರಾತ್ರಿ ತನಕ ಸರಿ, ನೆರಳಲ್ಲಿ ಚೆನ್ನಾಗಿ ಒಣಗುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ನೆರಳಲ್ಲಿ ಇಟ್ಟದ್ದು ಏನಾಗುತ್ತದೆ? ಚಪ್ಪಲಿಯ ಮೇಲೆ ಬೂಸ್ಟು ಬರುವ ಮನೆಯಲ್ಲಿ ಎಲೆ ಒಣಗುತ್ತದಾ?

ಅಡಿಕೆ ಡ್ರೈಯರ್ ಖಾಲಿ ಬಿದ್ದಿತ್ತಲ್ಲ, ಅದಕ್ಕೆ ಹಾಕಿದೆ. ಒಂದೇ ರಾತ್ರಿಗೆ ಗರಿಗರಿ ಒಣಗಿತು. ಖುಷಿಯಲ್ಲಿ ನಾಲ್ಕು ಕೇಜಿ ಪ್ಯಾಕ್ ಮಾಡಿ ಶಿವಮೊಗ್ಗದ ಒಂದು ಅಂಗಡಿಗೆ ಕೊಟ್ಟೆ. ಹದಿನೈದು ದಿನಕ್ಕೆ ಎಲ್ಲ ವಾಪಸ್. "ನಿಮ್ಮ ಕಷಾಯ ಬಚ್ಚಲು ಮನೆ ವಾಸನೆ ಬರುತ್ತೆ" ಅಂದರು ಅಂಗಡಿಯವರು. ಹೊಗೆ ಕುಡಿದಿತ್ತು ಎಲೆ. ಸುವಾಸನೆಯ ಎಲೆಗೆ ಹೊಗೆ ತಾಗಿದರೆ ಮುಗಿಯಿತು, ಮತ್ತೆ ಬಿಡುವುದಿಲ್ಲ.

ಆಮೇಲೆ ಕರೆಂಟಿನ ಡ್ರೈಯರ್. 32 ಸಾವಿರ ಕೊಟ್ಟು ಕೊಯಮತ್ತೂರಿಂದ ತರಿಸಿದೆ, ಹೆಂಡತಿಯ ಬಳೆ ಇಟ್ಟು. ಕಂಪನಿ ಹೆಸರು ಬೇಡ. ಯಂತ್ರ ಸರಿ ಇತ್ತು, ನಮ್ಮೂರೇ ಸರಿ ಇರಲಿಲ್ಲ. ಪುನರ್ವಸು ಮಳೆಯಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಅರ್ಧ ಒಣಗಿದ ಎಲೆ ಮುಚ್ಚಿದ ಪೆಟ್ಟಿಗೆಯೊಳಗೆ ಬೆಂದು ಹುಳಿ ವಾಸನೆ. ಕರೆಂಟು ಬಂದರೂ ವೋಲ್ಟೇಜ್ ಇಲ್ಲ. ಬಿಲ್ಲು ಮಾತ್ರ ಸರಿಯಾಗಿ ಬರುತ್ತಿತ್ತು. ಆಶ್ಲೇಷಾ ಮಳೆಯಲ್ಲಿ ಹನ್ನೊಂದು ಕೇಜಿ ಹುಲ್ಲನ್ನು ಗೊಬ್ಬರದ ಗುಂಡಿಗೆ ಸುರಿದೆ. ಹೆಂಡತಿ ಕೈ ಕಟ್ಟಿ ನೋಡುತ್ತಾ ನಿಂತಿದ್ದಳು. ಏನೂ ಅನ್ನಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅವತ್ತು ರಾತ್ರಿ ಮತ್ತೆ ಎರಡು ಗಂಟೆಗೆ ಎಚ್ಚರ. ನೋಟ್‌ಬುಕ್‌ನಲ್ಲಿ ಆ ವಾರ ಪೂರ್ತಿ 2, 3, 2. ಆದರೆ ಬೆಳಿಗ್ಗೆ ಸುತ್ತು ತಪ್ಪಿಸಲಿಲ್ಲ, ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ಬಂದೆ. ಹೋಗಲು ಧೈರ್ಯ ಇತ್ತು ಅಂತಲ್ಲ. ಅಷ್ಟರಲ್ಲಿ ಕಾಲಿಗೆ ಅಭ್ಯಾಸ ಆಗಿತ್ತು.

ಈಗ ಗೋಡೆಯ ವಿಷಯ. 2021ರ ಮಳೆಗಾಲ. ಉಗ್ರಾಣದಿಂದ ಗೋಣಿ ಚೀಲ ತರಲು ಹೋಗಿದ್ದೆ. ನಮ್ಮ ಉಗ್ರಾಣ ಬಚ್ಚಲು ಮನೆಗೆ ಅಂಟಿಕೊಂಡಿದೆ, ನಡುವೆ ಒಂದು ಮೊಳ ದಪ್ಪದ ಮಣ್ಣಿನ ಗೋಡೆ. ಕತ್ತಲಲ್ಲಿ ತಲೆಗೆ ಏನೋ ತಾಗಿ ಚರಚರ ಅಂದಿತು. ಕೈ ಹಾಕಿ ನೋಡಿದರೆ ಮಜ್ಜಿಗೆ ಹುಲ್ಲಿನ ಒಂದು ಕಟ್ಟು. ಹತ್ತು ಹದಿನೈದು ದಿನದ ಹಿಂದೆ ಮೊಳೆಗೆ ನೇತು ಹಾಕಿ ಮರೆತಿದ್ದೆ. ಹೊರಗೆ ತಂದು ಬೆಳಕಲ್ಲಿ ಹಿಡಿದೆ. ಹಸಿರು! ಹಿಚುಕಿದರೆ ಪುಡಿಪುಡಿ. ಮೂಗಿಗೆ ಹಿಡಿದರೆ ಈಗಷ್ಟೇ ಕೊಯ್ದ ಹಾಗೆ. ಹೊರಗೆ ಧೋ ಅಂತ ಮಳೆ.

ವಾಪಸ್ ಹೋಗಿ ಗೋಡೆ ಮುಟ್ಟಿದೆ. ಬೆಚ್ಚಗಿತ್ತು, ಹಸುವಿನ ಹೊಟ್ಟೆ ಮುಟ್ಟಿದ ಹಾಗೆ. ಆಚೆ ಕಡೆ ಹಂಡೆ ಒಲೆ. ನಮ್ಮ ಕಡೆ ಮಳೆಗಾಲದಲ್ಲಿ ಹಂಡೆ ಒಲೆ ಆರುವುದೇ ಇಲ್ಲ, ಗೊತ್ತಲ್ಲ. ಹಾಳೆ, ಸೋಗೆ, ಒಂದು ಕುಂಟೆ ಸದಾ ಉರಿಯುತ್ತಿರುತ್ತದೆ. ಗೋಡೆ ಆ ಬಿಸಿ ಕುಡಿದು ರಾತ್ರಿಯೆಲ್ಲ ಬಿಡುತ್ತದೆ. ಹೊಗೆ ಮಾತ್ರ ಆಚೆಯೇ. ನಲವತ್ತೆಂಟು ವರ್ಷ ಆ ಮನೆಯಲ್ಲಿ ಇದ್ದವನು ಆ ಗೋಡೆಗೆ ಒಂದು ದಿನ ಕೈ ಇಟ್ಟಿರಲಿಲ್ಲ. ಬೆಕ್ಕಿಗೆ ಗೊತ್ತಿತ್ತು, ಮಳೆಗಾಲ ಪೂರ್ತಿ ಅದರ ಬುಡದಲ್ಲೇ ಮಲಗುತ್ತಿತ್ತು.

ಹಳದಿ ರೋಗಕ್ಕೆ ಸತ್ತ ಆರು ಮರ ಕಡಿದು ದಬ್ಬೆ ಸೀಳಿಸಿದೆ. ಎಂಟು ತಟ್ಟಿ, ಒಂದರ ಮೇಲೊಂದು, ಗೋಡೆಯಿಂದ ಒಂದು ಗೇಣು ಬಿಟ್ಟು. ತಟ್ಟಿಯ ಮೇಲೆ ಅಪ್ಪನ ಹಳೇ ಪಂಚೆ, ಹತ್ತಿಯದ್ದೇ ಬೇಕು. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊಗೆ ನುಗ್ಗುತ್ತದೆ, ಎರಡು ಸಲ ಮೆತ್ತಬೇಕಾಯಿತು. ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಹಾಕುವ ಥರ್ಮಾಮೀಟರ್ ತಂದು ನೇತು ಹಾಕಿದೆ, 250 ರೂಪಾಯಿ. ಗೋಡೆಯ ಹತ್ತಿರ 45 ಡಿಗ್ರಿ, ತಟ್ಟಿಯ ನಡುವೆ 38, 40. ಒಂದು ತಟ್ಟಿಗೆ ಒಂದು ಕೇಜಿ ಹಸಿ ಎಲೆ, ಜಾಸ್ತಿ ಹಾಕಿದರೆ ಕೆಳಗಿನದು ಬೆವರುತ್ತದೆ. ಹುಲ್ಲಿಗೆ ಎರಡು ದಿನ, ತುಳಸಿಗೆ ಒಂದೂವರೆ. ಐದು ಕೇಜಿ ಹಸಿ ಹುಲ್ಲಿಗೆ ಒಂದು ಕೇಜಿ ಚಿಲ್ಲರೆ ಒಣಗಿದ್ದು ಸಿಗುತ್ತದೆ. ತೇವದ ಗಾಳಿ ಹೊರಗೆ ಹೋಗಲು ಮೇಲೆ ಒಂದು ಹಂಚು ಸರಿಸಿ ಗಾಜಿನ ಹಂಚು ಎತ್ತಿ ಕೂರಿಸಿದ್ದೇನೆ. ತಟ್ಟಿಗಳನ್ನು ಯಾವ ಹೊತ್ತಿಗೆ ಮೇಲೆ ಕೆಳಗೆ ಬದಲಿಸುತ್ತೇನೆ, ಎಲ್ಲಕ್ಕಿಂತ ಕೆಳಗಿನ ತಟ್ಟಿಯಲ್ಲಿ ಏನಿಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಮನೆ ಮಾತು. ಭಾವ ಕೇಳಿದರೂ ಹೇಳಿಲ್ಲ.

ಕರೆಂಟಿನ ಡ್ರೈಯರ್‌ನಲ್ಲಿ ಈಗ ಹೆಂಡತಿ ಹಪ್ಪಳ ಒಣಗಿಸುತ್ತಾಳೆ. ಬಳೆ ಬಿಡಿಸಿಕೊಂಡಾಗಿದೆ.

ಏನೇನು ಸೇರಿಸಿದೆ, ಏನೇನು ಕೆಟ್ಟಿತು ಅನ್ನುವುದಕ್ಕೆ ಬರುತ್ತೇನೆ. ದೊಡ್ಡಪತ್ರೆ ಒಣಗಿಸಲು ಹೋಗಬೇಡಿ. ದಪ್ಪ ಎಲೆ, ನಾಲ್ಕು ದಿನ ಇಟ್ಟರೂ ಒಳಗೆ ನೀರು, ಕೊನೆಗೆ ಕಪ್ಪು ಲೋಳೆ. ಅದು ತಂಬುಳಿಗೇ ಸರಿ. ಶಂಖಪುಷ್ಪ ನೋಡಲು ಚೆಂದ. ನೀಲಿ ನೀರಿಗೆ ನಿಂಬೆ ಹಿಂಡಿದರೆ ನೇರಳೆ ಬಣ್ಣ. ಬೆಂಗಳೂರಿನವರು ಫೋಟೋ ತೆಗೆಯುತ್ತಾರೆ, ಕುಡಿಯುವುದು ಕಡಿಮೆ. ರುಚಿಯೇ ಇಲ್ಲ. ಹುಳಿಗೆ ದಾಸವಾಳ ಹಾಕಿ ಅಂತ ಯಾರೋ ಹೇಳಿದರು, ಅಂಗಳದ ಕೆಂಪು ದಾಸವಾಳ ಒಂದು ಬುಟ್ಟಿ ಒಣಗಿಸಿದೆ. ಹುಳಿ ಎಲ್ಲಿ? ಆಮೇಲೆ ತಿಳಿಯಿತು, ಅವರು ಹೇಳಿದ್ದು ಕೆಂಪು ಪುಂಡಿ ಜಾತಿಯದ್ದು, ಬೀಜದ ಕಾಯಿ ಸುತ್ತ ಇರುವ ದಪ್ಪ ಎಸಳು. ನಮ್ಮ ದಾಸವಾಳ ದೇವರಿಗೆ, ತಲೆಗೆ. ಹುಳಿಗೆ ನಮ್ಮಲ್ಲಿ ಮುರುಗಲು (ಕೋಕಂ) ಇರುವಾಗ ನಾನು ಎಲ್ಲಿಗೆ ಹೋದೆ ನೋಡಿ! ಮಳೆ ಬೀಳುವ ಮೊದಲು ಒಣಗಿಸಿಟ್ಟ ಮುರುಗಲು ಸಿಪ್ಪೆ, ಒಂದು ಲೋಟಕ್ಕೆ ಉಗುರಿನಷ್ಟು. ನನ್ನ ಕಷಾಯಕ್ಕೆ ಬಣ್ಣ ಬಂದಿದ್ದು ಅದರಿಂದ.

ಎರಡು ತಪ್ಪು ಮಾತ್ರ ನಗುವಂಥದ್ದಲ್ಲ. ಸಿಹಿಗೆ ಅಂತ ಜೇಷ್ಠಮಧು ಹಾಕುತ್ತಿದ್ದೆ, ಕೈ ತುಂಬ. ಸಕ್ಕರೆ ಬೇಡ ಅನ್ನುವವರಿಗೆ ಬಹಳ ಇಷ್ಟ ಆಗಿತ್ತು. ನಿವೃತ್ತ ಮೇಷ್ಟ್ರು ಒಬ್ಬರು ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದರು. ಎರಡು ತಿಂಗಳಿಗೆ ಅವರ ಬಿಪಿ ಏರಿ, ಕಾಲು ಊದಿಕೊಂಡಿತು. ಡಾಕ್ಟರು ಏನೇನು ಕುಡೀತೀರಿ ಅಂತ ಕೇಳಿ ನನ್ನ ಪೊಟ್ಟಣ ತರಿಸಿ ನೋಡಿದರಂತೆ. ಜೇಷ್ಠಮಧು ಜಾಸ್ತಿ ಆದರೆ ಬಿಪಿ ಏರುತ್ತದೆ, ಮೈಯಲ್ಲಿ ಪೊಟ್ಯಾಶಿಯಂ ಇಳಿಯುತ್ತದೆ. ನನಗೆ ಗೊತ್ತಿರಲಿಲ್ಲ ಅನ್ನುವುದು ಉತ್ತರ ಅಲ್ಲ. ಅವರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಮನೆಯಲ್ಲಿದ್ದ ಪೊಟ್ಟಣ ಎಲ್ಲ ವಾಪಸ್ ತಂದೆ. ಮೇಷ್ಟ್ರು ಈಗ ಆರಾಮಿದ್ದಾರೆ, ಬರೀ ಮಜ್ಜಿಗೆ ಹುಲ್ಲಿನದ್ದು ಒಯ್ಯುತ್ತಾರೆ.

ಇನ್ನೊಂದು ಅಮೃತಬಳ್ಳಿ. ಕೊರೋನಾ ಕಾಲದಲ್ಲಿ ಎಲ್ಲರೂ ಅದನ್ನೇ ಕುದಿಸಿ ಕುಡಿದರು, ನಾನೂ ಮಾರಿದೆ. ಒಳ್ಳೆ ದುಡ್ಡು ಬಂತು, ಸುಳ್ಳು ಯಾಕೆ. 2021ರಲ್ಲಿ ಮುಂಬೈಯಲ್ಲಿ ಅದನ್ನು ದಿನಾ ಕುಡಿದ ಕೆಲವರಿಗೆ ಲಿವರ್ ತೊಂದರೆ ಆದದ್ದನ್ನು ಡಾಕ್ಟರುಗಳು ವರದಿ ಮಾಡಿದರು. ಗಿಡದ್ದೇ ತಪ್ಪಾ, ಬೇರೆ ಬಳ್ಳಿ ಬೆರೆತಿತ್ತಾ ಅಂತ ಜಗಳ ನಡೆಯಿತು. ನಾನು ಆ ಜಗಳದಲ್ಲಿ ಇಲ್ಲ. ಮಾರುವುದನ್ನು ನಿಲ್ಲಿಸಿದೆ, ಅಷ್ಟೇ.

ಕಷಾಯ ಅಂದರೆ ದಿನಾ ಕುಡಿಯುವಂಥದ್ದು ಬೇರೆ, ಮದ್ದು ಬೇರೆ. ಕಾರ್ಕಳದ ಕಡೆ ಅಕ್ಕನ ಮನೆಗೆ ಆಟಿ ಅಮಾವಾಸ್ಯೆಗೆ ಹೋಗಿದ್ದೆ ಒಂದು ಸಲ. ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಲ್ಲಿ ಜಜ್ಜಿ ತರುತ್ತಾರೆ, ಕಬ್ಬಿಣ ತಾಗಿಸುವುದಿಲ್ಲ. ಅರೆದು ರಸ ತೆಗೆದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ, ಕಾದ ಬೆಣಚು ಕಲ್ಲು ಅದರಲ್ಲಿ ಅದ್ದುತ್ತಾರೆ. ಚೊಂಯ್ ಅಂತ ಹೊಗೆ. ಖಾಲಿ ಹೊಟ್ಟೆಗೆ ಒಂದು ಲೋಟ. ಅಷ್ಟು ಕಹಿ ನಾನು ಜನ್ಮದಲ್ಲಿ ಕುಡಿದಿಲ್ಲ, ಮೆಂತ್ಯದ ಗಂಜಿ ಉಂಡರೂ ಬಾಯಿಂದ ಹೋಗಲಿಲ್ಲ. ಅಲ್ಲಿಯವರು ಕುಡಿಯುವುದು ವರ್ಷಕ್ಕೆ ಒಂದೇ ದಿನ. ಮರ ಗುರುತಿಸಲು ಬಾರದವನನ್ನು ಕತ್ತಲಲ್ಲಿ ಕಳಿಸುವುದೂ ಇಲ್ಲ, ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಅದನ್ನು ಪೊಟ್ಟಣದಲ್ಲಿ ಹಾಕಿ ಮಾರೋಣ ಅಂತ ಒಬ್ಬರು ನನಗೆ ಸಲಹೆ ಕೊಟ್ಟಿದ್ದರು! ಕೈ ಮುಗಿದೆ.

ಕಾಸುವ ವಿಷಯದಲ್ಲಿ ಒಂದೇ ಮಾತು, ನಮ್ಮೂರ ಪಂಡಿತರು ಹೇಳಿದ್ದು. ಬೇರಿಗೆ ಬೆಂಕಿ, ಎಲೆಗೆ ಮುಚ್ಚಳ. ಶುಂಠಿ, ಲಾವಂಚದ ಬೇರು, ಕೊತ್ತಂಬರಿ ಎಲ್ಲ ಎರಡು ಲೋಟ ನೀರು ಒಂದಾಗುವ ತನಕ ಕುದಿಯಲಿ. ಮಜ್ಜಿಗೆ ಹುಲ್ಲು, ತುಳಸಿ ಮಾತ್ರ ಒಲೆಯಿಂದ ಇಳಿಸಿದ ಮೇಲೆ ಹಾಕಿ ಮುಚ್ಚಿಡಬೇಕು, ಐದಾರು ನಿಮಿಷ. ಕುದಿಸಿದರೆ ಮನೆಯೆಲ್ಲ ಘಮಘಮ, ಲೋಟದಲ್ಲಿ ಏನೂ ಇಲ್ಲ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಈಗಲೂ ಕುದಿಸುತ್ತಾರೆ. ಹೇಳಿ ಹೇಳಿ ಸಾಕಾಗಿದೆ.

ಲೇಬಲ್ ಕಥೆ ಹೇಳಿ ಮುಗಿಸುತ್ತೇನೆ. ಶುರುವಲ್ಲಿ ಸಾವಿರ ಪೌಚ್ ಪ್ರಿಂಟ್ ಮಾಡಿಸಿದ್ದೆ. "ಗಿಡಮೂಲಿಕೆ ಟೀ" ಅಂತ ದೊಡ್ಡದಾಗಿ, ಕೆಳಗೆ "ನಿದ್ರಾಹೀನತೆ, ಬಿಪಿ, ಶುಗರ್‌ಗೆ ರಾಮಬಾಣ". ಮಗಳು ನೋಡಿ, "ಅಪ್ಪ, ಇದು ತಿನ್ನುವ ಪದಾರ್ಥ, ರೋಗ ವಾಸಿ ಆಗುತ್ತೆ ಅಂತ ಹಾಕುವ ಹಾಗಿಲ್ಲ" ಅಂದಳು. ವಿಚಾರಿಸಿದರೆ ಹೌದು. ಒಂಬತ್ತು ಸಾವಿರ ರೂಪಾಯಿಯ ಪೌಚ್ ಕಪಾಟಿನಲ್ಲಿದೆ, ಒಳಗೆ ಬೀಜ ಹಾಕಿಡುತ್ತೇವೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿದೆ, ನಮ್ಮಂಥ ಸಣ್ಣವರಿಗೆ ಆಗ ವರ್ಷಕ್ಕೆ 100 ರೂಪಾಯಿ. ಹೊಸ ಪೌಚ್‌ನಲ್ಲಿ "ಮಜ್ಜಿಗೆ ಹುಲ್ಲು ತುಳಸಿ ಕಷಾಯ" ಅಂತ ಮಾತ್ರ ಹಾಕಿದೆ. ಕಷಾಯ ಅಂದರೆ ಕಹಿ ಅಂತ ಪೇಟೆಯವರು ಹೆದರುತ್ತಾರೆ, ಟೀ ಅಂತಲೇ ಹಾಕು ಅಂತ ಎಲ್ಲರೂ ಹೇಳಿದರು. ಕೇಳಲಿಲ್ಲ. ಈಗ ನೋಡಿ, ಚಹಾ ಗಿಡದ ಎಲೆ ಇಲ್ಲದ್ದಕ್ಕೆ ಟೀ ಅನ್ನಬಾರದು ಅಂತ ನಿಯಮವೇ ಹೇಳುತ್ತಿದೆ. ಟೀ ಅಂತ ಹಾಕಿದವರು ಪೌಚ್ ಬದಲಿಸುತ್ತಿದ್ದಾರೆ. ನಾನು ಆರಾಮಾಗಿದ್ದೇನೆ.

ಈಗ ತಿಂಗಳಿಗೆ 12 ಕೇಜಿ ಹೋಗುತ್ತದೆ. 100 ಗ್ರಾಂಗೆ 220 ರೂಪಾಯಿ. ಪೌಚ್, ಕೊರಿಯರ್, ಕೊಯ್ಯಲು ಬರುವ ಇಬ್ಬರು ಹೆಂಗಸರ ಕೂಲಿ ಎಲ್ಲ ಕಳೆದು 14, 15 ಸಾವಿರ ಕೈಗೆ. ಅಡಿಕೆಯ ಮುಂದೆ ಇದು ಏನೂ ಅಲ್ಲ. ಆದರೆ ತಿಂಗಳು ತಿಂಗಳು ಬರುತ್ತದೆ. ಸೊಸೈಟಿ ಸಾಲ ಇನ್ನು ಎರಡು ಲಕ್ಷ ಉಳಿದಿದೆ. ತೋಟದಲ್ಲಿ ಬದುಕಿರುವ ಮರ ನಾನೂರು ಚಿಲ್ಲರೆ, ಅವುಗಳ ನಡುವೆ ಕಾಳುಮೆಣಸು ಹಬ್ಬಿಸಿದ್ದೇನೆ. ಅದರ ಕಥೆ ಬೇರೆ, ಅಲ್ಲಿ ಇನ್ನೂ ಸೋಲುತ್ತಿದ್ದೇನೆ.

ಬೆಳಗಿನ ಸುತ್ತು ನಿಂತಿಲ್ಲ. ಮಾರಾಟದ ಎಲೆ ಹೆಂಗಸರು ಕೊಯ್ಯುತ್ತಾರೆ, ನನ್ನ ಒಂದು ಹಿಡಿ ನನ್ನದೇ. ನೋಟ್‌ಬುಕ್ ನಾಲ್ಕನೆಯದು ನಡೆಯುತ್ತಿದೆ. ನಿನ್ನೆ "ತುಳಸಿ, ಸೋನೆ, 6" ಅಂತ ಬರೆದೆ.

ಅಮ್ಮನಿಗೆ ಈಗ 84. ಇದಕ್ಕೆಲ್ಲ ಮೂಲ ಅವಳೇ ಅಲ್ವಾ? ಹೊಸ ಮಿಶ್ರಣ ಮಾಡಿದಾಗಲೆಲ್ಲ ಮೊದಲ ಲೋಟ ಅವಳಿಗೆ ಕೊಡುತ್ತೇನೆ. ಒಂದು ಗುಟುಕು ಕುಡಿದು, "ಚೆನ್ನಾಗಿದೆ ಮಾರಾಯ" ಅಂತ ಲೋಟ ಪಕ್ಕಕ್ಕಿಡುತ್ತಾಳೆ. ಆಮೇಲೆ ಸೊಸೆಯನ್ನು ಕರೆದು ಕೇಳುತ್ತಾಳೆ, "ಕಾಫಿ ಆಯ್ತೇನೇ?"